ಭುಜ ಬಿಡಿಸುವ ಕೈಗಳು

ನಮ್ಮ ಪಂಜಾಗುಟ್ಟದ ನಿಮ್ಸ್ ಶುರುವಾದದ್ದು ಮೂಳೆ ಆಸ್ಪತ್ರೆಯಾಗಿ, 1960ರ ದಶಕದಲ್ಲಿ, ನಿಜಾಮರ ಟ್ರಸ್ಟಿನ ಹಣದಿಂದ. ಊರ ಕಡೆ ಭುಜ, ಮಂಡಿ ಹಿಡಿದುಕೊಂಡರೆ ಎಣ್ಣೆ ಹಚ್ಚಿ ನೀವುವವರೇ ಗತಿ. ಅದಕ್ಕೇ ಏನೋ, ಫಿಸಿಯೋಥೆರಪಿ ಅಂದರೆ "ನೀವೋದು ತಾನೆ?" ಎನ್ನುವವರು ಇಲ್ಲಿನ ಕನ್ನಡಿಗರಲ್ಲೂ ಉಂಟು.

ಈ ತಾತ್ಸಾರ ಇಂದಿನದಲ್ಲ. 1894ರಲ್ಲಿ ಲಂಡನ್ನಿನಲ್ಲಿ ಮಸಾಜ್ ಹೆಸರಲ್ಲಿ ಬೇರೆ ದಂಧೆ ನಡೆಯುತ್ತಿದೆ ಎಂದು ಗುಲ್ಲೆದ್ದಿತು. ಆಗ ನಾಲ್ವರು ನರ್ಸುಗಳು ಕಸುಬಿನ ಮಾನ ಉಳಿಸಲು ಸಂಘ ಕಟ್ಟಿದರು, ಪರೀಕ್ಷೆ ಇಟ್ಟರು, ವೈದ್ಯರು ಹೇಳದೆ ಯಾರನ್ನೂ ಮುಟ್ಟಬಾರದೆಂದು ಕಟ್ಟಳೆ ಮಾಡಿದರು. ಇಂಗ್ಲೆಂಡಿನ ಫಿಸಿಯೋಥೆರಪಿ ಸಂಘ ಬೆಳೆದದ್ದು ಅದರಿಂದಲೇ. ನಮ್ಮ ದೇಶದಲ್ಲಿ ಕಾರಣ ಪೋಲಿಯೋ. 1950ರ ದಶಕದ ಆರಂಭದಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಮೊದಲ ಶಾಲೆ ತೆರೆಯಿತು.

ಬಿಗಿದ ಕೀಲಿಗೆ ಲೆಕ್ಕಾಚಾರ ತಂದವರು ಆಸ್ಟ್ರೇಲಿಯಾದ ಅಡಿಲೇಡಿನ ಜೆಫ್ರಿ ಮೇಟ್ಲೆಂಡ್. ಬೆನ್ನುಮೂಳೆಯ ಬಗ್ಗೆ 1964ರಲ್ಲಿ, ಕೈಕಾಲಿನ ಕೀಲುಗಳ ಬಗ್ಗೆ 1970ರಲ್ಲಿ ಪುಸ್ತಕ ಬರೆದರು. ಕೀಲನ್ನು ಲಯವಾಗಿ ಅಲುಗಿಸುವುದಕ್ಕೆ ನಾಲ್ಕು ದರ್ಜೆ. ಮೊದಲೆರಡು ಬಿಗಿತದ ತನಕ ಹೋಗುವುದೇ ಇಲ್ಲ, ನೋವು ತಗ್ಗಿಸಲಿಕ್ಕೆ ಮಾತ್ರ. ಮೂರು, ನಾಲ್ಕು ಬಿಗಿತವನ್ನು ಮುಟ್ಟಿ ಬಿಡಿಸಲಿಕ್ಕೆ. ಪ್ರತಿ ಸಲವೂ ಮೊದಲು ಪರೀಕ್ಷಿಸು, ಅಲುಗಿಸು, ಮತ್ತೆ ಪರೀಕ್ಷಿಸು. ಲೆಡ್ಜರ್ ತಾಳೆ ನೋಡಿಯೇ ಬದುಕಿದ ನನಗೆ ಇದು ಬಹಳ ಹಿಡಿಸಿತು! ಒಬ್ಬರು ಬರೆದಿಟ್ಟದ್ದನ್ನು ಇನ್ನೊಬ್ಬರು ಓದಿ ಮುಂದುವರಿಸಬಹುದು. ನೀವುವ ಅಜ್ಜನ ಕೈಗುಣ ಅವನೊಂದಿಗೇ ಹೋಗುತ್ತಿತ್ತು.

ಸಕ್ಕರೆ ಕಾಯಿಲೆಯವರಿಗೆ ಭುಜ ಬಿಗಿಯುವುದು ಹೆಚ್ಚು, ಬಿಡಲು ತಿಂಗಳುಗಟ್ಟಲೆ ಬೇಕು. ಅಷ್ಟು ದಿನ ತೋಳು ಒಪ್ಪಿಸುವಾಗ ಕೈ ಯಾರದೆಂದು ಕೇಳಬೇಡವೇ? ಈ ಕಸುಬಿನ ನಿಯಂತ್ರಣಕ್ಕೆ ದೇಶಕ್ಕೆಲ್ಲ ಒಂದು ಕಾನೂನು ಬಂದದ್ದೇ 2021ರಲ್ಲಿ. ಲಂಡನ್ನಿನ ಆ ನರ್ಸುಗಳು ಪರೀಕ್ಷೆ ಇಟ್ಟು ಆಗಲೇ ನೂರಿಪ್ಪತ್ತು ವರ್ಷ ದಾಟಿತ್ತು.