ಹಳೇ ಕಂಪ್ಯೂಟರಿನ ಪ್ರೋಗ್ರಾಮು ಹೊಸದರಲ್ಲಿ ನಿಂತ ಕಥೆ

ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಕಂಪ್ಯೂಟರ್ ಪುರಾಣ ಯಾಕಪ್ಪಾ ಎಂದು ನಮ್ಮ ಹಿರಿಯ ಸದಸ್ಯರು ಕೇಳಬಹುದು. ಪಾಲು, ಸಾಲ, ಬಡ್ಡಿ ಎಲ್ಲವೂ ಖಾತೆ ಪುಸ್ತಕ ಬಿಟ್ಟು ಯಂತ್ರದೊಳಗೆ ಹೋಗುತ್ತಿರುವ ಕಾಲವಿದು. 2022ರಲ್ಲಿ ಕೇಂದ್ರ ಸರ್ಕಾರವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಾಗಿರುವಾಗ, ಒಂದು ಯಂತ್ರದಲ್ಲಿ ಚೆನ್ನಾಗಿದ್ದ ಪ್ರೋಗ್ರಾಮು ಇನ್ನೊಂದಕ್ಕೆ ಹಾಕಿದ ಕೂಡಲೆ ನಿಂತರೆ ನಮ್ಮ ಲೆಕ್ಕದ ಗತಿಯೇನು? ಇಂಥದ್ದು ಒಮ್ಮೆ ಜಗತ್ತಿನ ನಾನಾ ಕಡೆ ನಡೆದಿದೆ.

1981ರಲ್ಲಿ ಬಂದ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್. 1983ರಲ್ಲಿ ಅಮೆರಿಕದ ಬೋರ್ಲ್ಯಾಂಡ್ ಕಂಪನಿ ಟರ್ಬೊ ಪಾಸ್ಕಲ್ ಎಂಬ, ಪ್ರೋಗ್ರಾಮು ಬರೆಯುವ ಸಾಧನವನ್ನು 49.95 ಡಾಲರಿಗೆ ಮಾರಿತು. ಅಗ್ಗವಾಗಿದ್ದರಿಂದ ಜನ ಮುಗಿಬಿದ್ದರು. 1992ರಲ್ಲಿ ಅದರ 7ನೇ ಆವೃತ್ತಿ ಬಂತು. ಅದರಲ್ಲಿ ಬರೆದ ಪ್ರೋಗ್ರಾಮುಗಳು ವರ್ಷಗಟ್ಟಲೆ ತಕರಾರಿಲ್ಲದೆ ನಡೆದವು. 1997ರಲ್ಲಿ 233 ಮೆಗಾಹರ್ಟ್ಸಿನ ಪೆಂಟಿಯಂ 2 ಬಂತು ನೋಡಿ, ಅಲ್ಲಿಂದ ಶುರುವಾಯಿತು ಫಜೀತಿ. ಪ್ರೋಗ್ರಾಮು ತೆರೆದರೆ ಸಾಕು, ಪರದೆ ಮೇಲೆ 'ರನ್‌ಟೈಮ್ ಎರರ್ 200' ಎಂದು ಬಂದು ಮುಚ್ಚಿಕೊಳ್ಳುತ್ತಿತ್ತು.

200 ಎಂದರೆ ಸೊನ್ನೆಯಿಂದ ಭಾಗಿಸಿದ ತಪ್ಪು. ಬರೆದವರು ಎಷ್ಟು ಹುಡುಕಿದರೂ ಸೊನ್ನೆಯಿಂದ ಭಾಗಿಸಿದ್ದು ಎಲ್ಲೂ ಇರಲಿಲ್ಲ. ಇಂಥ ಹೊತ್ತಲ್ಲಿ ಮೊದಲ ಅನುಮಾನ ಬರುವುದು ಫ್ಲಾಪಿ ಕೆಟ್ಟಿದೆ, ವೈರಸ್ ಹೊಕ್ಕಿದೆ ಎಂದೇ. ಮತ್ತೆ ಮತ್ತೆ ನಕಲು ಮಾಡಿದರೂ ಅದೇ ಪಾಡು. ಅದೇ ಫ್ಲಾಪಿಯನ್ನು ಹಳೇ ಯಂತ್ರಕ್ಕೆ ಹಾಕಿದರೆ ಪ್ರೋಗ್ರಾಮು ಸಲೀಸಾಗಿ ಓಡುತ್ತಿತ್ತು. ಈ ಒಂದೇ ಪರೀಕ್ಷೆ ಸಾಕು: ಫೈಲು ನೆಟ್ಟಗಿದೆ, ದೋಷ ಬೇರೆ ಕಡೆ ಇದೆ.

ದೋಷ ಇದ್ದದ್ದು ಸಿಆರ್‌ಟಿ ಎಂಬ, ಟರ್ಬೊ ಪಾಸ್ಕಲ್ ಜೊತೆಗೇ ಬರುವ ಭಾಗದಲ್ಲಿ. ಯಂತ್ರ ಎಷ್ಟು ವೇಗದ್ದು ಎಂದು ಅದು ಮೊದಲೇ ಅಳೆದುಕೊಳ್ಳುತ್ತದೆ. ಗಡಿಯಾರದ ಒಂದು ಮಿಡಿತಕ್ಕೆ, ಅಂದರೆ ಸುಮಾರು 55 ಮಿಲಿಸೆಕೆಂಡಿಗೆ, ಎಷ್ಟು ಸುತ್ತು ಹಾಕಿದೆ ಎಂದು ಎಣಿಸಿ 55ರಿಂದ ಭಾಗಿಸುತ್ತದೆ. ಬಂದ ಉತ್ತರ ಇಡುವ ಜಾಗದಲ್ಲಿ 65,535ಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಸುಮಾರು 200 ಮೆಗಾಹರ್ಟ್ಸ್ ದಾಟಿದ ಯಂತ್ರದಲ್ಲಿ ಉತ್ತರ ಅದನ್ನು ಮೀರಿತು. ನೂರು ಕಿಲೋ ತಕ್ಕಡಿಗೆ ಎರಡು ಕ್ವಿಂಟಲ್ ಭತ್ತ ಹೇರಿದ ಹಾಗೆ! ಉತ್ತರ ಜಾಗಕ್ಕೆ ಹಿಡಿಸದಿದ್ದರೂ, ಸೊನ್ನೆಯಿಂದ ಭಾಗಿಸಿದರೂ ಪ್ರೊಸೆಸರ್ ಕೊಡುವ ಸೂಚನೆ ಒಂದೇ. ಅದಕ್ಕೇ ಪರದೆ ಮೇಲೆ ಸುಳ್ಳು ಕಾರಣ ಬಂತು. ವೇಗದ ಅಳತೆ ಬೇಕಿಲ್ಲದ ಪ್ರೋಗ್ರಾಮೂ ಈ ಭಾಗ ಸೇರಿಸಿಕೊಂಡಿದ್ದರೆ ಸಾಕು, ಆರಂಭದಲ್ಲೇ ಬೀಳುತ್ತಿತ್ತು.

ಮೂಲ ಬರಹ ಇಟ್ಟುಕೊಂಡವರು ಸಿಆರ್‌ಟಿ ಭಾಗ ತಿದ್ದಿ ಹೊಸದಾಗಿ ಸಿದ್ಧಪಡಿಸಿಕೊಂಡರು. ಬರೆದವನು ಎಲ್ಲೋ ಹೋಗಿ, ಸಿದ್ಧ ಫೈಲು ಮಾತ್ರ ಉಳಿದಿದ್ದವರ ಪಾಡು ಕಷ್ಟ. ಅಂಥವರಿಗೆ ಆ ಫೈಲನ್ನೇ ನೇರವಾಗಿ ತಿದ್ದುವ ಪುಟ್ಟ ತೇಪೆ ಪ್ರೋಗ್ರಾಮುಗಳು ಬಂದವು. ಯಂತ್ರದ ಕ್ಯಾಶ್ ಮೆಮೊರಿ ಬಂದ್ ಮಾಡಿ, ವೇಗ ಕುಗ್ಗಿಸಿ ಕೆಲಸ ಸಾಗಿಸಿದವರೂ ಉಂಟು. ಎಲ್ಲ ಬಿಟ್ಟು ಹೊಸ ಯಂತ್ರಕ್ಕೆ ಕೈಕಟ್ಟಿದ ಹಾಗಾಯಿತು ಅನ್ನಿ!

ಗಮನಿಸಬೇಕಾದ್ದೆಂದರೆ, ಇದರಲ್ಲಿ ಯಾರ ಲೆಕ್ಕದ ಅಂಕಿಯೂ ಅಳಿಸಿಹೋಗಲಿಲ್ಲ. ಓದುವ ಪ್ರೋಗ್ರಾಮು ನಿಂತಿತ್ತು, ಅಷ್ಟೇ. ಆದರೆ ಗಾಬರಿಯಲ್ಲಿ ಹಳೇ ಯಂತ್ರವನ್ನು ಗುಜರಿಗೆ ಹಾಕಿದವರಿಗೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ನಮ್ಮಲ್ಲೂ ಯಂತ್ರ ಬದಲಿಸುವಾಗ ಒಂದು ಮಾರ್ಚ್ ಅಖೈರಿನ ಲೆಕ್ಕವನ್ನು ಎರಡರಲ್ಲೂ ತೆಗೆದು ತಾಳೆ ನೋಡದೆ ಹಳೇದನ್ನು ಬಿಡಬಾರದೆಂದು ನನ್ನ ಅಭಿಪ್ರಾಯ.

2002ರಲ್ಲಿ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಬಂತು. ಹೊಸ ಕಂಪ್ಯೂಟರಿನೊಳಗೇ ಹಳೇ ಯಂತ್ರದ ವೇಷ ಹಾಕಿ, ವೇಗವನ್ನು ಬೇಕಾದಷ್ಟು ಇಳಿಸುತ್ತದೆ. ಅದರಲ್ಲಿ ಆ ಟರ್ಬೊ ಪಾಸ್ಕಲ್ ಪ್ರೋಗ್ರಾಮುಗಳು ಇವತ್ತಿಗೂ ನಡೆಯುತ್ತವೆ.