ಎರಡು ವಾರಕ್ಕೆ ಬಂದವರು, ಮತ್ತೆ ಬಂದವರು

ನಮ್ಮೂರ ಚರಿತ್ರೆ, ಭಾಗ 7

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರೇ, ಇದು ನಿಮಗೆ. ಹೊರದೇಶದ ಚರ್ಚ್ ತಂಡವೊಂದು ವ್ಯಾನಲ್ಲಿ ಬಂದು, ಹಾಸ್ಟೆಲ್ ಮಕ್ಕಳ ಜೊತೆ ಹಾಡಿ, ಆಟ ಆಡಿಸಿ, ಎರಡು ವಾರಕ್ಕೆ ಹೊರಟುಹೋಗೋದನ್ನ ನೋಡಿದ್ದೀರಾ? ವ್ಯಾನ್ ಹೋದಮೇಲೆ ಮಕ್ಕಳು ಕೇಳೋದು ಒಂದೇ: "ಆ ಅಕ್ಕ ಮತ್ತೆ ಯಾವಾಗ ಬರ್ತಾರೆ?" ಈ ಒಂದು ಪ್ರಶ್ನೆ ಹಿಡ್ಕೊಂಡು ಹಳೇ ಮೈಸೂರನ್ನ ನೋಡೋಣ ಬನ್ನಿ.

ಮೊದಲು ಫ್ರಾನ್ಸಿನ ಅಬ್ಬೆ ದುಬುವಾ. 1792ರಲ್ಲಿ ಇಂಡಿಯಾಕ್ಕೆ ಬಂದರು, 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಗೆ. ಇಲ್ಲಿಯವರ ಹಾಗೇ ಬಟ್ಟೆ, ಇಲ್ಲಿಯವರ ಊಟ. ನೆಲೆ ಇಲ್ಲದವರಿಗೆ ಬೇಸಾಯದ ಊರು ಕಟ್ಟಿಸಿದರು, ಸಿಡುಬಿನ ಲಸಿಕೆ ಹಾಕಿಸಿದರು. ಜನ ಅವರನ್ನ ಕರೆದದ್ದು "ದೊಡ್ಡ ಸ್ವಾಮಿಯವರು" ಅಂತ. ವಾಪಸ್ ಹೋದದ್ದು 1823ರಲ್ಲಿ, 31 ವರ್ಷ ಆದಮೇಲೆ!

ಆಮೇಲೆ ವಿಲಿಯಂ ಆರ್ಥರ್, ವೆಸ್ಲಿಯನ್ ಪಾದ್ರಿ. 1839ರಲ್ಲಿ ಗುಬ್ಬಿಗೆ ಬಂದಾಗ ವಯಸ್ಸು 20, ನಮ್ಮದೇ ವಯಸ್ಸು. ಕಣ್ಣು ಕೆಟ್ಟು 1841ರಲ್ಲೇ ಇಂಗ್ಲೆಂಡಿಗೆ ಹೋದರು. ಮೈಸೂರಿನ ಬಗ್ಗೆ ಪುಸ್ತಕ ಬರೆದು ಅಲ್ಲಿ ಹೆಸರು ಮಾಡಿದರು. ಅದೇ ಮಿಷನ್ನಿನ ಥಾಮಸ್ ಹಾಡ್ಸನ್ 1859ರಲ್ಲಿ ಬೆಂಗಳೂರಲ್ಲಿ ಕನ್ನಡ ವ್ಯಾಕರಣವನ್ನೇ ಅಚ್ಚು ಹಾಕಿಸಿದರು. ಆರ್ಥರ್ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಆದರೆ ಒಬ್ಬರ ಪುಸ್ತಕ ಅಲ್ಲಿಯವರಿಗೆ ನಮ್ಮ ಕಥೆ ಹೇಳಿತು, ಇನ್ನೊಬ್ಬರದು ಇಲ್ಲಿಯ ಮಾತು ಕಲಿಯೋರಿಗೆ ದಾರಿ ಆಯ್ತು.

1876-78ರ ಧಾತು ಈಶ್ವರ ಬರ ಗೊತ್ತಲ್ಲ? ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50.5 ಲಕ್ಷ ಇದ್ದದ್ದು 1881ಕ್ಕೆ 41.8 ಲಕ್ಷಕ್ಕೆ ಇಳಿಯಿತು. ತಂದೆತಾಯಿ ಸತ್ತ ಮಕ್ಕಳಿಗೆ ಮಿಷನ್‌ಗಳು ಅನಾಥಾಲಯ ನಡೆಸಿದವು. ಅನ್ನದ ಜೊತೆ ಮತವನ್ನೂ ಕೊಟ್ಟರಾ ಅಂತ ಕೇಳೋದು ಆಗಲೂ ನ್ಯಾಯ, ಈಗಲೂ ನ್ಯಾಯ. ಹಸಿದ ಮಗು "ಬೇಡ" ಅನ್ನೋ ಸ್ಥಿತಿಯಲ್ಲಿ ಇರಲ್ಲ. ಹಾಗೇ ಉಳಿದುಕೊಂಡ ಕೆಲಸವನ್ನೂ ಲೆಕ್ಕಕ್ಕೆ ಹಿಡೀಬೇಕು. 1906ರಲ್ಲಿ ಹೆಂಗಸರು, ಮಕ್ಕಳಿಗಾಗಿ ಶುರುವಾದ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ನಮ್ಮ ಮನೆಗಳಲ್ಲಿ ಇವತ್ತಿಗೂ "ಮಿಷನ್ ಆಸ್ಪತ್ರೆ"ನೇ.

ಹಾಗಾದ್ರೆ ಎರಡು ವಾರದ ಪ್ರವಾಸ ಯಾವಾಗ ಬಂತು? ತೀರಾ ಹೊಸದು. 1957ರಲ್ಲಿ ಜಾರ್ಜ್ ವರ್ವರ್ ಅನ್ನೋ ಅಮೆರಿಕದ ಹುಡುಗ ಇಬ್ಬರು ಗೆಳೆಯರ ಜೊತೆ ಬೇಸಿಗೆ ರಜೆಗೆ ಮೆಕ್ಸಿಕೋಕ್ಕೆ ಹೋದ. ಅದರಿಂದ ದೊಡ್ಡ ಸಂಸ್ಥೆಯೇ ಬೆಳೆಯಿತು. ವಿಮಾನ ಅಗ್ಗವಾದಂತೆ ರಜೆಯ ಸೇವೆ ಲೋಕದ ತುಂಬ ಹಬ್ಬಿತು. ಹಡಗಲ್ಲಿ ತಿಂಗಳುಗಟ್ಟಲೆ ಕೂತು ಬಂದವರು ಎರಡು ವಾರಕ್ಕೆ ವಾಪಸ್ ಹೋಗೋಕೆ ಆಗ್ತಿತ್ತಾ?

ಇಲ್ಲಿವರೆಗೆ ಬೇರೆಯವರ ಲೆಕ್ಕ. ಈಗ ನಮ್ಮದು. ಹೋದ ವರ್ಷ ಎನ್‌ಎಸ್‌ಎಸ್ ಕ್ಯಾಂಪಿಗೆ 7 ದಿನ ಎಚ್.ಡಿ. ಕೋಟೆಯ ಒಂದು ಹಾಡಿಗೆ ಹೋಗಿದ್ದೆ. ಕಾಡು ಬಿಟ್ಟು ಬಂದ ಜೇನುಕುರುಬರ ಮಕ್ಕಳು. ಹಾಡಿದ್ವಿ, ಆಡಿದ್ವಿ, ಫೋಟೋ ಹಾಕಿದ್ವಿ, ಲೈಕೂ ಬಂತು. ಕೊನೇ ದಿನ ಒಬ್ಬಳು ಪುಟ್ಟಿ, "ಮತ್ತೆ ಬತ್ತೀಯಾ ಅಕ್ಕ?" ಅಂದಳು. "ಬರ್ತೀನಿ" ಅಂದೆ. ಹೋಗಿಲ್ಲ. ಮೈಸೂರಿಂದ ಒಂದೇ ಬಸ್ಸಿನ ದಾರಿ, ಆದ್ರೂ ಹೋಗಿಲ್ಲ.

ಹೊರದೇಶದವರನ್ನ ಬೈಯೋಕೆ ಮುಂಚೆ ನನಗೆ ಇದು ನೆನಪಾಗುತ್ತೆ. ಅವರಲ್ಲೂ ವರ್ಷ ವರ್ಷ ಅದೇ ಊರಿಗೆ, ಅದೇ ಮಕ್ಕಳ ಹೆಸರು ನೆನಪಿಟ್ಟುಕೊಂಡು ಬರೋರು ಇದ್ದಾರೆ. ಅಂಥವರಿಗೂ ನನಗೂ ಇರೋ ವ್ಯತ್ಯಾಸ ಪಾಸ್‌ಪೋರ್ಟ್ ಅಲ್ಲ, ಕೊಟ್ಟ ಮಾತು.

ಆದ್ದರಿಂದ ಮುಂದಿನ ಕ್ಯಾಂಪಿಗೆ ಹೋಗೋರಿಗೆ ಮೂರು ಮಾತು:
1. ಬರ್ತೀನಿ ಅಂದ್ರೆ ತಾರೀಖು ಹೇಳಿ. ಆಗಲ್ಲ ಅಂದ್ರೆ ಸುಳ್ಳು ಆಸೆ ಬೇಡ.
2. ಏನು ಬೇಕು ಅಂತ ಅಲ್ಲಿನ ಟೀಚರನ್ನ ಕೇಳಿ. ಪೆನ್ಸಿಲ್ ಬಾಕ್ಸಿಗಿಂತ ಎಸ್ಸೆಸ್ಸೆಲ್ಸಿ ಗಣಿತ ಬೇಕಿರಬಹುದು.
3. ಆಸರೆ ಇಲ್ಲದ ಮಕ್ಕಳ ಗುರುತು ಸಿಗೋ ಫೋಟೋ ಹಾಕಬೇಡಿ. 2015ರ ಬಾಲನ್ಯಾಯ ಕಾಯ್ದೆಯೇ ಅದನ್ನ ತಡೆಯುತ್ತೆ.

ಈ ಪೋಸ್ಟಲ್ಲಿ ಮಕ್ಕಳ ಫೋಟೋ ಯಾಕಿಲ್ಲ ಅಂತ ಈಗ ಗೊತ್ತಾಯ್ತಲ್ಲ? ಇರೋದು ಬಸ್ ಸ್ಟ್ಯಾಂಡ್ ಫೋಟೋ. ಈ ಭಾನುವಾರ ಕೋಟೆ ಬಸ್ ಹತ್ತುತ್ತಿದ್ದೀನಿ. ಬರೋರು ಮೆಸೇಜ್ ಮಾಡಿ.

#ನಮ್ಮೂರಚರಿತ್ರೆ #ಹುಣಸೂರು #ಪಿರಿಯಾಪಟ್ಟಣ #ಕೆಆರ್‌ನಗರ #ಎಚ್‌ಡಿಕೋಟೆ