ಹೊನ್ನಿನ ನೆರೆಯ ಕಲ್ಲುಸೀಮೆ

ಟಿಪ್ಪುವಿನ ರಾಜ್ಯ ಅಳಿದು ಮೈಸೂರಿಗೆ ಹೊಸ ಎಲ್ಲೆಗಳು ಗೊತ್ತಾಗುತ್ತಿದ್ದ ಕಾಲ. ಕುಂಪಣಿಯ ಸರ್ವೆಯ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಮೂಡಣ ಗಡಿಯನ್ನು ಅಳೆಯುತ್ತ ಕೋಲಾರದ ಕಡೆಗೆ ಬಂದನು. ಅಲ್ಲಿಯ ಮಣ್ಣಿನಲ್ಲಿ ಹೊನ್ನಿದೆಯೆಂಬ ಮಾತು ಅವನ ಕಿವಿಗೆ ಬಿತ್ತು. ಉರಿಗಾಂನ ಜನ ಮಣ್ಣು ತಂದು ಅವನೆದುರಿಗೇ ತೊಳೆದು, ತಳದಲ್ಲಿ ನಿಂತ ಹೊನ್ನಿನ ಕಣಗಳನ್ನು ತೋರಿಸಿದರು. ಮಾರಿಕುಪ್ಪದಲ್ಲಂತೂ ಹಿಂದಿನವರು ತೋಡಿದ ಕುಳಿಗಳೇ ಇದ್ದವು. ಶೋಧ ವಾರೆನ್ನನದೆಂದು ಬರೆಯುವುದು ವಾಡಿಕೆ. ನ್ಯಾಯವಾಗಿ ಅದು ಹೆಸರುಳಿಯದ ಆ ಮಣ್ಣು ತೊಳೆಯುವವರಿಗೆ ಸಲ್ಲಬೇಕು.

ಆ ನೆಲದಿಂದ ಪಡುವಣಕ್ಕೆ ಒಂದೆರಡು ದಿನದ ಎತ್ತಿನಗಾಡಿಯ ಹಾದಿ ಸವೆಸಿದರೆ ಹೊಸಕೋಟೆ. ಅದರಾಚೆ ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ. ಈ ಸೀಮೆಗೆ ಹೊನ್ನಿನ ಪಾಲು ಬರಲಿಲ್ಲ. ಏಕೆಂಬುದನ್ನು ತಿಳಿಯಲು ಅರಸರ ಕಾಲವನ್ನು ಬಿಟ್ಟು ಕಲ್ಲಿನ ಕಾಲಕ್ಕೆ ಇಳಿಯಬೇಕು.

ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಹರಿದು ಹೆಪ್ಪುಗಟ್ಟಿದ ಲಾವಾ ಕೋಲಾರದ ಶಿಲೆಯ ಮೂಲ. ಇಕ್ಕೆಲದ ಭೂಖಂಡಗಳ ಒತ್ತಡಕ್ಕೂ ಬೇಗೆಗೂ ಸಿಕ್ಕಿ ಅದು ಕಡುಹಸಿರು ಛಾಯೆಯ ಹಾರ್ನ್‌ಬ್ಲೆಂಡ್ ಶಿಸ್ಟ್ ಆಯಿತು. ಬಡಗು–ತೆಂಕಾಗಿ ಸುಮಾರು 80 ಕಿಲೋಮೀಟರ್ ಉದ್ದ, ಅಗಲ ಮಾತ್ರ ಕೆಲವೇ ಕಿಲೋಮೀಟರ್. ಸೆಡೆದು ಸೀಳಿದ ಆ ಪಟ್ಟಿಯ ಬಿರುಕುಗಳಲ್ಲಿ ಆಳದ ಬಿಸಿನೀರು ಮೇಲೇರಿ, ಬೆಣಚುಕಲ್ಲನ್ನೂ ಅದರೊಡನೆ ಹೊನ್ನನ್ನೂ ಇಳಿಸಿತು. ಅಂಥ ಬೆಣಚಿನ ಎಳೆಗಳಲ್ಲಿ ಲೋಕಪ್ರಸಿದ್ಧವಾದ ಚಾಂಪಿಯನ್ ಎಳೆಯ ದಪ್ಪ ಸರಾಸರಿ ಒಂದು ಮೀಟರಿನ ಆಸುಪಾಸು, ಅಷ್ಟೆ!

ನಮ್ಮ ನಾಲ್ಕು ತಾಲ್ಲೂಕುಗಳು ನಿಂತಿರುವುದು ಬೇರೆ ಕುಲದ ಕಲ್ಲಿನ ಮೇಲೆ. ಬಿಳುಪು ಕಪ್ಪುಗಳ ಪಟ್ಟೆ ಹೊತ್ತ, ಕಾದು ಮಡಿಚಿ ಹೊರಳಿದ ನೈಸ್ ಶಿಲೆ ಅದು. ಮೈಸೂರು ಸಂಸ್ಥಾನ 1894ರಲ್ಲಿ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿ ರಾಬರ್ಟ್ ಬ್ರೂಸ್ ಫೂಟ್‌ನನ್ನು ಅದಕ್ಕೆ ಮುಖ್ಯಸ್ಥನನ್ನಾಗಿ ಮಾಡಿತು. ಹೊನ್ನುಳ್ಳ ಶಿಸ್ಟ್ ಪಟ್ಟಿಗಳನ್ನು ನೈಸ್‌ನಿಂದ ಬೇರ್ಪಡಿಸಿ, ಧಾರವಾಡ ಶಿಲೆಗಳೆಂದು ಹೆಸರಿಟ್ಟವನು ಅವನೇ. ಅವನ ತರುವಾಯ ಬಂದ ಸ್ಮೀತ್ ಈ ಪಟ್ಟೆಗಲ್ಲನ್ನು ಪೆನಿನ್ಸುಲರ್ ನೈಸ್ ಎಂದು ಕರೆದನು. ಪಡುವಣದಲ್ಲಿ ಇದನ್ನು ಭೇದಿಸಿಕೊಂಡು ಸುಮಾರು 250 ಕೋಟಿ ವರ್ಷಗಳ ಹಿಂದೆ ಕ್ಲೋಸ್‌ಪೇಟೆ ಗ್ರಾನೈಟ್ ಮೇಲೆದ್ದಿತು. ನೆಲಮಂಗಲದ ಶಿವಗಂಗೆ ಆ ಸಾಲಿನದು.

ಹೊನ್ನಿಲ್ಲದ ಈ ಕಲ್ಲನ್ನು ಬಡತನದ ಲೆಕ್ಕಕ್ಕೆ ಸೇರಿಸುವುದು ಸಲ್ಲದು. ಬಟ್ಟಬಂಡೆಯ ಮೇಲೆ ಸೌದೆ ಹರವಿ ಬೆಂಕಿಯಿಟ್ಟು, ಉರಿಯನ್ನು ಮೆಲ್ಲನೆ ಮುಂದೆ ಸರಿಸುತ್ತ ಹೋದರೆ, ಕಾದು ಹಿಗ್ಗಿದ ಮೇಲ್ಪದರ ತಳದಿಂದ ಬಿಡುತ್ತಿತ್ತು. ಎಲ್ಲಿಯವರೆಗೆ ಬಿಟ್ಟಿತೆಂಬುದನ್ನು ಕಲ್ಲುಕುಟಿಗರು ಸುತ್ತಿಗೆಯ ಸದ್ದಿನಿಂದಲೇ ಹೇಳುತ್ತಿದ್ದರು. ಹಾಗೆ ಎದ್ದ ಚಪ್ಪಡಿಯಿಂದ ಮನೆಯ ಗೋಡೆ, ಮಾಡು, ಹೊಲದ ಬೇಲಿಗಂಬ. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ದೇವನಹಳ್ಳಿಯ ಮಣ್ಣಿನ ಕೋಟೆ ಹೈದರ್–ಟಿಪ್ಪು ಕಾಲದಲ್ಲಿ ಕಲ್ಲಿನದಾಯಿತು. 1791ರಲ್ಲಿ ಕಾರ್ನ್‌ವಾಲಿಸನ ವಶವಾಯಿತು. ಅದೇ ತಾಲ್ಲೂಕಿನ ಕೊಯಿರಾದ ಕಲ್ಲನ್ನು ಶಿಲ್ಪಿಗಳು ಇಂದಿಗೂ ಅರಸಿ ಬರುತ್ತಾರೆ.

ಅತ್ತ ಕೋಲಾರದಲ್ಲಿ, ವಾರೆನ್ನನ ಬರಹವನ್ನೋದಿದ ಬೆಂಗಳೂರಿನ ಲವೆಲ್ ಎಂಬ ನಿವೃತ್ತ ಸೈನಿಕ 1871ರಲ್ಲಿ ಎತ್ತಿನಗಾಡಿಯೇರಿ ಹೊರಟನು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಿತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದು, ಸುಮಾರು 800 ಟನ್ ಹೊನ್ನು ಕೊಟ್ಟು, 2001ರ ಫೆಬ್ರವರಿ 28ರಂದು ಮುಚ್ಚಿತು. ಆ ಆಳದಲ್ಲಿ ಒತ್ತಡ ತಾಳದೆ ಸಿಡಿದ ಬಂಡೆಗಳು ಬಲಿತೆಗೆದುಕೊಂಡ ಕಾರ್ಮಿಕರನ್ನು ಹೊನ್ನಿನ ತೂಕ ಹೇಳುವವರು ಸಾಮಾನ್ಯವಾಗಿ ನೆನೆಯುವುದಿಲ್ಲ.

ಎರಡು ಸೀಮೆಗಳಿಗೂ ಸಮನಾಗಿ ಒದಗಿದ ಕಲ್ಲು ಒಂದುಂಟು. ಸುಮಾರು 237 ಕೋಟಿ ವರ್ಷಗಳ ಹಿಂದೆ, ಹೊನ್ನಿಳಿದು ಎಷ್ಟೋ ಕಾಲವಾದ ಮೇಲೆ, ನೆಲ ಸೀಳಿ ಕರಿಯ ಡಾಲರೈಟ್ ಉಕ್ಕಿತು. ಬೆಂಗಳೂರಿನ ಸುತ್ತ ಮೂಡು–ಪಡುವಾಗಿ ಚಾಚಿದ ಅದರ ಗೋಡೆಗಳು ಇಲ್ಲಿಯ ನೈಸನ್ನು ಕೊಯ್ದಿವೆ. ಅಂಥವೇ ಕೋಲಾರದ ಶಿಸ್ಟ್ ಪಟ್ಟಿಯನ್ನೂ ಅಡ್ಡಲಾಗಿ ಕೊಯ್ದಿವೆ. ಸುರಂಗ ಆ ಕರಿಗಲ್ಲನ್ನು ಮುಟ್ಟಿದಲ್ಲಿ ಬೆಣಚೂ ನಿಲ್ಲುತ್ತಿತ್ತು, ಹೊನ್ನೂ ನಿಲ್ಲುತ್ತಿತ್ತು. ಗೋಡೆಯನ್ನು ಕೊರೆದು ಆಚೆಗೆ ಹೋದ ಮೇಲೆಯೇ ಎಳೆಯನ್ನು ಮತ್ತೆ ಹಿಡಿಯಬೇಕಿತ್ತು.